ಗುಣಪಾಲನ ಕಂಪನಿಗೆ ಮೌಲ್ಯ ಬಂದದ್ದು

ವಾಶಿಯ ಹೋಟೆಲೊಂದರಲ್ಲಿ ಸಣ್ಣ ಉದ್ಯಮಿಗಳ ತರಬೇತಿಗೆ ಗುಣಪಾಲ ಹೋದದ್ದು ಮಧ್ಯಾಹ್ನದ ಊಟ ಚೆನ್ನಾಗಿರುತ್ತದೆ ಎಂದು ಯಾರೋ ಹೇಳಿದ್ದರಿಂದ. ಈ ಸತ್ಯವನ್ನು ಅವನು ಯಾರಿಂದಲೂ ಮುಚ್ಚಿಟ್ಟಿಲ್ಲ. ಮಹಾಪೆಯಲ್ಲಿ ಅವನದೊಂದು ಲಿಫ್ಟ್ ರಿಪೇರಿ ಕಂಪನಿ. ಎಂಟು ಜನ ಕೆಲಸಗಾರರು, ಥಾಣೆಯಿಂದ ಕಲ್ಯಾಣದವರೆಗೆ ಹರಡಿಕೊಂಡ ಹೌಸಿಂಗ್ ಸೊಸೈಟಿಗಳ ಫ್ಲ್ಯಾಟ್ ಕಟ್ಟಡಗಳೇ ಗಿರಾಕಿಗಳು. ಉಡುಪಿ ಕಡೆಯಿಂದ ಬಂದವನು ಹೋಟೆಲಿಡದೆ ಲಿಫ್ಟಿಗೆ ಬಿದ್ದನಲ್ಲ ಎಂದು ನೆಂಟರಿಗೆ ಇಂದಿಗೂ ಬೇಸರವಿದೆ.

ತರಬೇತಿಯಲ್ಲಿ ಒಬ್ಬೊಬ್ಬರೂ ಎದ್ದು ತಮ್ಮ ಕಂಪನಿಯ ಧ್ಯೇಯ, ಮೌಲ್ಯ ಹೇಳಬೇಕಿತ್ತು. ಪಕ್ಕದಲ್ಲಿದ್ದ ರಟ್ಟಿನ ಡಬ್ಬಿ ಮಾಡುವವನು ಜಗತ್ತನ್ನು ಬದಲಾಯಿಸುತ್ತೇನೆಂದ. ಗುಣಪಾಲನ ಸರದಿ ಬಂತು. ತಲೆಗೆ ಏನೂ ಹೊಳೆಯದೆ, "ಲಿಫ್ಟ್ ಮೇಲೆ ಹೋಗ್ಬೇಕು, ಮತ್ತೆ ಕೆಳಗೆ ಬರ್ಬೇಕು" ಎಂದುಬಿಟ್ಟ. ಸಭೆ ನಕ್ಕಿತು. ಊಟದಲ್ಲಿ ಗುಲಾಬ್ ಜಾಮೂನು ಇದ್ದರೂ ಅವನಿಗೆ ರುಚಿಸಲಿಲ್ಲ.

ಆ ಅವಮಾನದಲ್ಲೇ ಕೋಪರಖೈರಣೆಯ ಮನೆಯಲ್ಲಿ ಕೂತು ಎರಡು ವಾಕ್ಯ ಬರೆದ. "ಹೇಳಿದ ಹೊತ್ತಿಗೆ ಬರುತ್ತೇವೆ. ತಪ್ಪಾದರೆ ಒಪ್ಪಿಕೊಳ್ಳುತ್ತೇವೆ." ಹೆಂಡತಿ ಉಮಾವತಿ ಓದಿ, "ಇದು ಮನೆಗೂ ಉಂಟಾ, ಕಂಪನಿಗೆ ಮಾತ್ರವಾ?" ಎಂದು ಕೇಳಿದಳು. ಅವನು ಆ ಎರಡು ವಾಕ್ಯಗಳನ್ನೇ ಮರಾಠಿ, ಇಂಗ್ಲಿಷಿನಲ್ಲಿ ಬರೆಸಿ ಆಫೀಸಿನ ಬಾಗಿಲೆದುರು ದೊಡ್ಡ ಬೋರ್ಡು ಹಾಕಿಸಿದ. ಬೋರ್ಡಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡ. ಮೌಲ್ಯದ ಕೆಲಸ ಅಲ್ಲಿಗೆ ಮುಗಿಯಿತೆಂದೇ ಅವನ ಲೆಕ್ಕ.

ಆದರೆ ಕೆಲಸಕ್ಕೆ ಹೊಸಬರನ್ನು ತೆಗೆದುಕೊಳ್ಳುವಾಗಲೂ ಮೌಲ್ಯ ನೋಡಬೇಕೆಂದು ತರಬೇತಿಯಲ್ಲಿ ಹೇಳಿದ್ದರು. ಹಾಗಾಗಿ ಬಂದವರಿಗೆಲ್ಲ, "ನೀವು ಕೆಡಿಸಿದ ಒಂದು ಕೆಲಸ ಹೇಳಿ" ಎಂದು ಕೇಳತೊಡಗಿದ. ಯಾರೂ ಏನೂ ಕೆಡಿಸಿರಲಿಲ್ಲ. ಕಡೆಗೆ ಕಲ್ಯಾಣದ ಐಶ್ವರ್ಯಾ ಬಂದಳು. ಡಿಪ್ಲೊಮಾ ಮಾಡಿದವಳು, ಧಾರವಾಡ ಕಡೆಯ ಮನೆಮಾತು.

"ಡೋರ್ ಸೆನ್ಸರ್ ವೈರ್ ಅದಲುಬದಲು ಮಾಡಿದ್ದೆ ಸರ್. ಒಬ್ರು ಆಂಟಿ ಭಾಜಿ ಚೀಲ ಹಿಡ್ಕೊಂಡು ಎರಡು ಮಾಳಿಗಿ ನಡುವ ಸಿಕ್ಕೊಂಡ್ರು. ನಾವು ಬಾಗಲಾ ತೆಗೆಯೋದ್ರಾಗ ಅಲ್ಲೇ ಕುಂತು ಮೆಂತೆಪಲ್ಯದ ಎಲಿ ಬಿಡಿಸಿ, ಸೋಸಿ ಮುಗಿಸಿದ್ರು."

ಗುಣಪಾಲ ಅಲ್ಲೇ ಕೆಲಸ ಕೊಟ್ಟ. ತನ್ನ ಆಯ್ಕೆಯ ಬಗ್ಗೆ ಒಂದು ವಾರ ಎಲ್ಲರೆದುರೂ ಕೊಚ್ಚಿಕೊಂಡ.

ಸೀವುಡ್ಸ್‌ನ ದೊಡ್ಡ ಸೊಸೈಟಿಯೊಂದರಲ್ಲಿ ಆಗ ಲಿಫ್ಟ್ ಪದೇಪದೇ ನಿಲ್ಲುತ್ತಿತ್ತು. ಕಂಟ್ರೋಲ್ ಪ್ಯಾನೆಲ್ ಹಳತಾಗಿದೆ, ಪೂರ್ತಿ ಬದಲಿಸಬೇಕು ಎಂದು ಗುಣಪಾಲ ಕಮಿಟಿಯ ಕಿವಿಗೆ ಹಾಕುತ್ತಲೇ ಇದ್ದ. ಹೊಸ ಪ್ಯಾನೆಲ್ ಮಾರುವ ಆಸೆಯಿದ್ದಾಗ ಹಳೆಯದು ಇನ್ನಷ್ಟು ಹಳತಾಗಿ ಕಾಣುತ್ತದೆ. ಐಶ್ವರ್ಯಾ ಅಲ್ಲಿಗೆ ಹೋಗಿ ಬಂದವಳೇ ಹೇಳಿದಳು.

"ಪ್ಯಾನೆಲ್ ಗಟ್ಟಿ ಐತ್ರಿ ಸರ್. ಯಾರೋ ಒಂದು ವೈರ್ ಸಡ್ಲ ಬಿಟ್ಟಿದ್ರು, ಬಿಗಿ ಮಾಡಿ ಬಂದೀನಿ. ನಮ್ಮವರದಽ ತಪ್ಪು ಅಂತ ಸೆಕ್ರೆಟರಿಗೆ ಹೇಳೀನಿ."

ಗುಣಪಾಲನಿಗೆ ಸಿಟ್ಟು ನೆತ್ತಿಗೇರಿತು. "ಅದನ್ನು ಹೇಳ್ಲಿಕ್ಕೆ ನಿನಗೆ ಯಾರು ಹೇಳಿದ್ದು?"

"ನೀವಽ, ಸರ್."

ಅವಳು ಬೋರ್ಡಿನ ಕಡೆ ತಿರುಗಿಯೂ ನೋಡಲಿಲ್ಲ. ಸಿಟ್ಟನ್ನು ಎಲ್ಲಿ ಇಳಿಸುವುದೆಂದು ತಿಳಿಯದೆ ಗುಣಪಾಲ, "ವೈರ್ ಸಡಿಲ ಬಿಟ್ಟವನು ಯಾರು? ಇವತ್ತೇ ಮನೆಗೆ ಕಳಿಸ್ತೇನೆ!" ಎಂದು ಕೂಗಿದ.

ಹಳೆಯ ಕೆಲಸಗಾರ ಜಯಶೀಲ ಚಹಾದ ಲೋಟ ಕೆಳಗಿಟ್ಟ. "ಅದು ನೀವೇ ಅಲ್ವಾ ಅಣ್ಣ? ಗಣಪತಿ ಹಬ್ಬದ ಮೊದಲು, ಮಾಲೀಕರೇ ಬಂದು ಕೆಲಸ ಮಾಡ್ತಾರೆ ಅಂತ ತೋರಿಸ್ಲಿಕ್ಕೆ ಹೋದದ್ದು. ಹೊಸ ಅಂಗಿ ಕೊಳೆ ಆಗ್ತದೆ ಅಂತ ಬೇಗ ಇಳಿದು ಬಂದಿರಲ್ಲ."

ಅಂಗಿಯ ಬಣ್ಣವೂ ಗುಣಪಾಲನಿಗೆ ನೆನಪಾಯಿತು. ತನ್ನನ್ನು ತಾನೇ ಮನೆಗೆ ಕಳಿಸಿಕೊಳ್ಳುವುದು ಹೇಗೆಂದು ಗೊತ್ತಾಗದೆ ಬಾತ್‌ರೂಮಿಗೆ ಹೋಗಿ ಸ್ವಲ್ಪ ಹೊತ್ತು ನಿಂತ.

ಭಾನುವಾರ ಕಮಿಟಿಯೆದುರು ನಿಂತು, ತಪ್ಪು ತನ್ನ ಕೈಯದೇ, ಪ್ಯಾನೆಲ್ ಬದಲಿಸಬೇಕಿಲ್ಲ ಎಂದ. ಮೆಚ್ಚಿ ಬೆನ್ನು ತಟ್ಟುತ್ತಾರೆಂದು ಒಳಗೊಳಗೇ ನಿರೀಕ್ಷೆಯಿತ್ತು. ಅವರು ವರ್ಷವಿಡೀ ಪುಕ್ಕಟೆ ಸರ್ವಿಸ್ ಕೇಳಿದರು. ಚೌಕಾಸಿ ನಡೆದು ಅರ್ಧ ವರ್ಷಕ್ಕೆ ನಿಂತಿತು.

ಬೋರ್ಡಿನ ಮೊದಲ ವಾಕ್ಯ ಕೈಕೊಟ್ಟದ್ದು ಡೊಂಬಿವ್ಲಿಗೆ ಹೋಗುವ ದಾರಿಯ ಶೀಳ್‌ಫಾಟಾದ ಟ್ರಾಫಿಕ್‌ನಲ್ಲಿ. ಡೊಂಬಿವ್ಲಿಯ ಸೊಸೈಟಿಯಿಂದ ಫೋನ್ ಬಂತು. "ಇಲ್ಲೇ ನಿಮ್ಮ ಗೇಟಿನ ಹತ್ತಿರ ಇದ್ದೇನೆ" ಎಂದು ಗುಣಪಾಲ ಅಭ್ಯಾಸಬಲದಿಂದ ಹೇಳಿ ಫೋನಿಟ್ಟ. ಪಕ್ಕದ ಸೀಟಿನಲ್ಲಿ ಐಶ್ವರ್ಯಾ ಕಿಟಕಿಯಾಚೆ ನಿಂತುಬಿಟ್ಟ ಲಾರಿಗಳನ್ನು ನೋಡುತ್ತಿದ್ದಳು. ಅವಳು ಏನಾದರೂ ಅಂದಿದ್ದರೆ ಜಗಳವಾಡಬಹುದಿತ್ತು. ಮಹಾಪೆಯಿಂದ ಹೇಳಿದ ಹೊತ್ತಿಗೆ ಡೊಂಬಿವ್ಲಿ, ಕಲ್ಯಾಣ ಮುಟ್ಟಲು ಆಗುವುದೇ ಇಲ್ಲ. ಇಷ್ಟು ವರ್ಷ ತಾನು ಅಲ್ಲಿ ಲಿಫ್ಟಿಗಿಂತ ಹೆಚ್ಚು ಸುಳ್ಳನ್ನೇ ಓಡಿಸಿದ್ದೇನೆ ಎಂದು ಅವನಿಗೆ ಅಲ್ಲೇ ಹೊಳೆಯಿತು.

ಮುಂದಿನ ತಿಂಗಳು ಆ ಕಡೆಯ ಸೊಸೈಟಿಗಳನ್ನೆಲ್ಲ ಬಿಟ್ಟುಕೊಡಲು ಡೊಂಬಿವ್ಲಿಯ ಮುಂಡಪ್ಪನ ಬಳಿಗೆ ಹೋದ. ಮುಂಡಪ್ಪ ಹಿಂದೆ ಇವನಲ್ಲೇ ಇದ್ದು, ಜಗಳವಾಡಿ ಸ್ವಂತ ಅಂಗಡಿ ಇಟ್ಟವನು. ಮಾತು ಬಿಟ್ಟು ಬಹಳ ಕಾಲವಾಗಿತ್ತು.

"ಎಂತ ಗುಣಪಾಲಣ್ಣ, ಹುಷಾರಿಲ್ವಾ?"

"ಕಂಪನಿಗೆ ಮೌಲ್ಯ ಬಂದಿದೆ ಮಾರಾಯ."

"ಡಾಕ್ಟ್ರಿಗೆ ತೋರಿಸಿದಿರಾ?"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮುಂಡಪ್ಪ ಮೀನಿನ ಊಟ ಹಾಕಿಸಿ ಸ್ಟೇಷನ್ನಿನವರೆಗೆ ಬಿಟ್ಟು ಹೋದ.

ಆ ವರ್ಷ ಕಂಪನಿ ಚಿಕ್ಕದಾಯಿತು. ಆಮೇಲೆ ಹತ್ತಿರದ ನೆರೂಳ್, ವಾಶಿಯ ಸೊಸೈಟಿಗಳು ಒಂದೊಂದಾಗಿ ಬರತೊಡಗಿದವು. ಎಲ್ಲವೂ ಬೋರ್ಡಿನ ಮಹಿಮೆ ಎಂದು ಹೇಳಿಕೊಳ್ಳಲು ಗುಣಪಾಲನಿಗೆ ಬಹಳ ಆಸೆ. ಆದರೆ ಆ ಭಾಗದಲ್ಲಿದ್ದ ಇನ್ನೊಂದು ಲಿಫ್ಟ್ ಕಂಪನಿ ಅದೇ ಹೊತ್ತಿಗೆ ಬಾಗಿಲು ಹಾಕಿತ್ತು ಎಂಬುದನ್ನೂ ಕೇಳಿದವರಿಗೆ ಹೇಳುತ್ತಾನೆ, ಮುಖ ಸ್ವಲ್ಪ ಸಣ್ಣದು ಮಾಡಿಕೊಂಡು.