ಇಲಕಲ್ಲಿನ ಫೈನಲ್‌ನಲ್ಲಿ ಏಳನೇ ನಂಬರು

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನಾಗ ಬಾಗಲಕೋಟೆಯ ಒಂದು ಸಣ್ಣ ವಿಡಿಯೋ ಸಂಸ್ಥೆಯಲ್ಲಿ ಸೌಂಡ್ ಆಪರೇಟರ್ ಆಗಿದ್ದೆ. ಮದುವೆ, ನಾಟಕ, ಮಠದ ಕಾರ್ಯಕ್ರಮಗಳ ಚಿತ್ರೀಕರಣ ನಮ್ಮ ದಿನನಿತ್ಯದ ಕೆಲಸ. ಒಂದು ಬೇಸಿಗೆಯಲ್ಲಿ ನಮ್ಮ ಮಾಲೀಕ ಮಕಬೂಲ್ ಸಾಹೇಬರು ಇಲಕಲ್ಲಿನ ಮೂರು ದಿನಗಳ ಕಬಡ್ಡಿ ಪಂದ್ಯಾವಳಿಯ ಪ್ರಸಾರದ ಹಕ್ಕು ಪಡೆದರು.

ಹಕ್ಕು ಅಂದರೆ, ಆಟವನ್ನು ಕ್ಯಾಮೆರಾದಲ್ಲಿ ಹಿಡಿದು, ಮನೆಗಳ ಮಾಳಿಗೆ ಮೇಲಿಂದ ಕೇಬಲ್ ಎಳೆದು, ಊರಿನ ಎರಡು ಸಭಾಗೃಹಗಳಲ್ಲಿ ಟಿ.ವಿ. ಇಟ್ಟು ಆಗಿಂದಾಗಲೇ ತೋರಿಸುವುದು. ಆಮೇಲೆ ಕ್ಯಾಸೆಟ್ ಮಾರುವುದು. ಬೇರೆ ಯಾರೂ ತೋರಿಸುವಂತಿಲ್ಲ. ಸಾಹೇಬರು ಒಂದು ಷರತ್ತು ಹಾಕಿದ್ದರು: ಮೈದಾನದಲ್ಲಿ ಧ್ವನಿವರ್ಧಕ ಇರಕೂಡದು. ಬೀದಿಯಲ್ಲೇ ಕಾಮೆಂಟರಿ ಕೇಳಿಸಿದರೆ ಟಿಕೆಟ್ ಕೊಂಡು ಸಭಾಗೃಹಕ್ಕೆ ಯಾರು ಬರುತ್ತಾರೆ ಎಂಬುದು ಅವರ ವಾದ. ಹೀಗಾಗಿ ನಾವು ಮೈದಾನದ ಪಕ್ಕದ ಶಾಲೆಯ ಮಹಡಿಯಲ್ಲಿ, ಗಾಜಿನ ಕಿಟಕಿಯ ಕೋಣೆಯೊಂದರಲ್ಲಿ ಬಾಗಿಲು ಹಾಕಿಕೊಂಡು ಕೂತೆವು. ನಮ್ಮ ಮಾತು ಕೇಬಲ್‌ನಲ್ಲಷ್ಟೇ ಹೋಗುತ್ತಿತ್ತು. ಆಡುವವರಿಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ.

ಈ ಷರತ್ತಿನಿಂದ ಹೆಚ್ಚು ನೊಂದವರು ಗುರುಪಾದಪ್ಪ ಮಾಸ್ತರರು. ನಿವೃತ್ತ ದೈಹಿಕ ಶಿಕ್ಷಕರು. ಇಲಕಲ್ಲಿನ ಆಟಗಾರರೆಲ್ಲ ಅವರ ಕೈಯಲ್ಲೇ ಪಳಗಿದವರು. ಎಷ್ಟೋ ವರ್ಷಗಳಿಂದ ಅದೇ ಮೈದಾನದ ಧ್ವನಿವರ್ಧಕದಲ್ಲಿ ಅವರದೇ ಧ್ವನಿ. ಈಗ ಅವರ ಜೊತೆಗೆ ಬಾಗಲಕೋಟೆಯ ಕಾಲೇಜು ಉಪನ್ಯಾಸಕಿ ಶಾರದಾ ಅವರನ್ನೂ ಸಾಹೇಬರು ಕರೆತಂದಿದ್ದರು. ಕ್ಯಾಸೆಟ್ ಪೇಟೆಗೆ ಹೊಸ ಧ್ವನಿ ಬೇಕಿತ್ತು. ಮೊದಲ ದಿನವೇ ಮಾಸ್ತರರು ಮೈಕ್ ತೆರೆದಿರುವಾಗಲೇ ಆಕೆಯ ಮಾತನ್ನು ತಿದ್ದಿದರು. ಮಧ್ಯಾಹ್ನ ಆಕೆ ಅವರ ಮಾತು ಮುಗಿಯುವ ಮೊದಲೇ ತನ್ನದನ್ನು ಶುರು ಮಾಡಿದರು. ಅಲ್ಲಿಂದ ಇಬ್ಬರ ನಡುವೆ ಮಾತು ನಿಂತಿತು. ಮಿಕ್ಸರ್ ಇಟ್ಟುಕೊಂಡು ನಡುವೆ ಕೂತಿದ್ದ ನನ್ನ ಮೂಲಕವೇ ಒಬ್ಬರು ಇನ್ನೊಬ್ಬರಿಗೆ ಹೇಳಿ ಕಳಿಸುತ್ತಿದ್ದರು. ಒಂದೇ ಮೇಜಿನ ಎರಡು ತುದಿಗೆ ಸುದ್ದಿ ಮುಟ್ಟಿಸುವುದು ನನ್ನ ಕೆಲಸವಾಯಿತು.

ಫೈನಲ್ ಇಲಕಲ್ ಮತ್ತು ಕೆರೂರ ತಂಡಗಳ ನಡುವೆ. ಇಲಕಲ್ ತಂಡದಲ್ಲಿ ಏಳನೇ ನಂಬರಿನ ಅಂಗಿ ತೊಟ್ಟವರು ಯಾರೂ ಇರಲಿಲ್ಲ. ಆ ನಂಬರಿನಲ್ಲಿ, ಮೊಣಕಾಲಿಗೆ ಸದಾ ಬಿಳಿ ಬಟ್ಟೆ ಕಟ್ಟಿಕೊಂಡು ಆಡುತ್ತಿದ್ದ ಈರಣ್ಣ ಅದೇ ವರ್ಷ ಕಲ್ಲಿನ ಕ್ವಾರಿಯಲ್ಲಿ ಬಂಡೆ ಉರುಳಿ ತೀರಿಹೋಗಿದ್ದ. ಮಾಸ್ತರರ ಅಚ್ಚುಮೆಚ್ಚಿನ ಶಿಷ್ಯ. ಗೌರವಕ್ಕೆಂದು ತಂಡದವರು ಆ ನಂಬರನ್ನು ಯಾರಿಗೂ ಕೊಟ್ಟಿರಲಿಲ್ಲ.

ಸಂಜೆಯ ಬಿಸಿಲು ಅಂಗಳದ ಮೇಲೆ ಓರೆಯಾಗಿ ಬಿದ್ದಿತ್ತು. ಆಟ ಮುಗಿಯಲು ಸ್ವಲ್ಪವೇ ಹೊತ್ತು ಇತ್ತು, ಇಲಕಲ್ ಎರಡು ಅಂಕ ಹಿಂದಿತ್ತು. ಮಾತಾಡುವ ಸರದಿ ಮಾಸ್ತರರದಾಗಿತ್ತು. ಮೂರನೇ ನಂಬರಿನ ಶೇಖರ ಎದುರಾಳಿಗಳ ಅಂಗಳಕ್ಕೆ ದಾಳಿ ಹೊರಟ. ನನ್ನ ಹೆಡ್‌ಫೋನಿನಲ್ಲಿ ಮಾಸ್ತರರ ಧ್ವನಿ ಬಂತು, ಏರಿಳಿತವಿಲ್ಲದೆ, ತಣ್ಣಗೆ: "ಏಳನೇ ನಂಬರು. ಈರಣ್ಣ ದಾಳಿಗೆ ಹೊಂಟಾನ."

ಬಾಯಿ ತಪ್ಪಿರಬೇಕು ಅಂದುಕೊಂಡೆ. ಆದರೆ ಅವರು ನಿಲ್ಲಿಸಲಿಲ್ಲ. ಮೊಣಕಾಲಿಗೆ ಬಿಳಿ ಅರಿವೆ ಕಟ್ಟಿದ್ದಾನೆ ಅಂದರು. ಎಡಕ್ಕೆ ತಿರುಗಿದ ಅಂದರು. ಮಾನಿಟರ್‌ನಲ್ಲಿ ಶೇಖರ ಇನ್ನೂ ನೆಟ್ಟಗೆ ನಿಂತಿದ್ದ. ಒಂದು ಉಸಿರಿನ ನಂತರ ಅವನು ಎಡಕ್ಕೆ ತಿರುಗಿದ. ಮೂಲೆಯವನನ್ನು ಮುಟ್ಟಿದ ಅಂದರು. ಆಮೇಲೆ ಶೇಖರನ ಕೈ ಮೂಲೆಯವನಿಗೆ ತಾಗಿತು. ಇನ್ನಿಬ್ಬರನ್ನು ಮುಟ್ಟಿದ ಅಂದರು, ಅದೂ ಹಾಗೇ ಆಯಿತು. ಮಾತು ಮುಂದೆ ಹೋಗುತ್ತಿತ್ತು, ಆಟ ಅದರ ಹಿಂದೆ ಬರುತ್ತಿತ್ತು.

ಹಿಂದೆ ನಿಂತಿದ್ದ ಸಾಹೇಬರು ನನ್ನ ಹೆಗಲು ಹಿಡಿದು, ಮಾಸ್ತರರ ಮೈಕ್ ಬಂದ್ ಮಾಡು ಎಂದು ಕಿವಿಯಲ್ಲಿ ಹೇಳಿದರು. ತಪ್ಪು ಹೆಸರಿನ ಕ್ಯಾಸೆಟ್ ಯಾರು ಕೊಳ್ಳುತ್ತಾರೆ ಎಂಬ ಚಿಂತೆ ಅವರದು. ನನ್ನ ಬೆರಳು ಮಿಕ್ಸರಿನ ಗುಂಡಿಯ ಮೇಲೆ ಹೋಯಿತು. ಅಷ್ಟರಲ್ಲಿ ಶಾರದಾ ತಮ್ಮ ಅಂಗೈಯನ್ನು ನನ್ನ ಕೈ ಮೇಲಿಟ್ಟರು. ಅವರು ಮಾಸ್ತರರ ಮುಖವನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ಮಾಸ್ತರರ ಕಣ್ಣು ಶೇಖರನ ಮೇಲೆ ಇರಲಿಲ್ಲ, ಅವನಿಂದ ಒಂದು ಮಾರು ಮುಂದೆ, ಖಾಲಿ ಮಣ್ಣಿನ ಮೇಲೆ ಚಲಿಸುತ್ತಿತ್ತು.

"ಅವರ ಮಾತು ಮುಗೀಲಿ," ಎಂದರು ಶಾರದಾ, ಮೆಲ್ಲಗೆ.

"ಈರಣ್ಣ ಮಧ್ಯರೇಖೆ ಮುಟ್ಟಿದ. ಮೂರು ಅಂಕ," ಅಂದು ಮಾಸ್ತರರು ಸುಮ್ಮನಾದರು. ಶೇಖರ ಬಂದು ಗೆರೆಯ ಮೇಲೆ ಬಿದ್ದ. ರೆಫರಿ ಮೂರು ಬೆರಳು ಎತ್ತಿದರು.

ಆಗ ಶಾರದಾ ಮಾಸ್ತರರ ತೋಳು ಮುಟ್ಟಿ, ಆ ಮೂರು ದಿನಗಳಲ್ಲಿ ಮೊದಲ ಬಾರಿಗೆ ನೇರವಾಗಿ ಮಾತಾಡಿಸಿದರು: "ಸರ್, ಇನ್ನ ನಾ ಹೇಳ್ಲೇನ್ರಿ?" ಮಾಸ್ತರರು ತಲೆಯಾಡಿಸಿದರು. ಆಕೆ ಶೇಖರನ ಹೆಸರು, ನಂಬರು, ಅಂಕಗಳನ್ನು ಸರಿಯಾಗಿ ಹೇಳಿ ಆಟ ಮುಗಿಸಿದರು. ಇಲಕಲ್ ಗೆದ್ದಿತು. ಮಾಸ್ತರರ ಮಾತು ತಪ್ಪೆಂದು ಆಕೆ ಎಲ್ಲಿಯೂ ಹೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಒಬ್ಬ ಹೆಣ್ಣುಮಗಳು ಏದುಸಿರು ಬಿಡುತ್ತ ಬಂದರು. ಈರಣ್ಣನ ತಾಯಿ ಸಂಗವ್ವ. ನೇಕಾರರ ಸಭಾಗೃಹದಲ್ಲಿ ಟಿ.ವಿ. ನೋಡುತ್ತಿದ್ದರಂತೆ.

"ನಮ್ಮ ಈರಣ್ಣ ಆಡಿದ. ನಾ ನೋಡೇನಿ, ಮಂದಿ ಎಲ್ಲಾ ನೋಡ್ಯಾರ," ಎಂದರು. "ಈಗ ಎಲ್ಲಿ ಅದಾನ್ರಿ?"

ಮಾಸ್ತರರು ಎದ್ದರು. "ನಾ ಕಂಡದ್ದು ಹೇಳೀನಿ ತಂಗಿ. ಎಲ್ಲಿ ಹೋದ ಅನ್ನೂದು ನನಗೂ ಗೊತ್ತಿಲ್ಲ. ಬಾ, ಮನೀತನಕ ಬರ್ತೇನಿ," ಎಂದು ಆಕೆಯ ಜೊತೆ ಮೆಟ್ಟಿಲು ಇಳಿದುಹೋದರು.

ಸಾಹೇಬರು ಅಲ್ಲೇ ಟೇಪ್ ಹಿಂದಕ್ಕೆ ಓಡಿಸಿ ಹಾಕಿಸಿದರು. ಧ್ವನಿ ಈರಣ್ಣನದೇ ಹೆಸರು ಹೇಳುತ್ತಿತ್ತು. ಚಿತ್ರದಲ್ಲಿ ಇದ್ದವನು ಶೇಖರ ಮಾತ್ರ. ಅವನ ಮೊಣಕಾಲಿಗೆ ಬಿಳಿ ಅರಿವೆ ಇರಲಿಲ್ಲ. ಆದರೂ ಎರಡೂ ಸಭಾಗೃಹಗಳ ಜನ ಬಿಳಿ ಅರಿವೆ ಕಂಡೆವೆಂದು ಆಣೆ ಮಾಡಿ ಹೇಳುತ್ತಿದ್ದರು. ಇದಕ್ಕೆ ನಾನೊಂದು ಉತ್ತರ ಹುಡುಕಿಕೊಂಡೆ. ಶೇಖರನಿಗೆ ಆ ಪಟ್ಟು ಕಲಿಸಿದವರು ಮಾಸ್ತರರೇ, ಮುಂದಿನ ಹೆಜ್ಜೆ ಅವರಿಗೆ ಗೊತ್ತು. ಜನ ತಾವು ಕೇಳಿದ್ದನ್ನೇ ಕಂಡರು.

ಅಂಗಳಕ್ಕೆ ಇಳಿದು ಕೇಬಲ್ ಸುತ್ತುತ್ತಿದ್ದಾಗ ಕೆರೂರ ತಂಡದ ಮೂಲೆಯ ಆಟಗಾರ ಹತ್ತಿರ ಬಂದ. ನಮ್ಮ ಕಾಮೆಂಟರಿ ಕೇಳದವನು, ಸಭಾಗೃಹದ ಕಡೆ ಹೋಗದವನು.

"ಸರ, ಮೊಣಕಾಲಿಗೆ ಬಿಳಿ ಅರಿವಿ ಕಟ್ಟಿದ್ನಲ್ರಿ, ಆ ಏಳನೇ ನಂಬರ್ ಯಾರ್ರಿ? ಹಿಡೀಲಿಕ್ಕೆ ಹೋದೆ. ಕೈಗೆ ಏನೂ ಸಿಗಲಿಲ್ಲ."

ಗೊತ್ತಿಲ್ಲ ಎಂದೆ. ಅವನು ತನ್ನ ಅಂಗೈ ನೋಡಿಕೊಳ್ಳುತ್ತ ಹೋದ. ನನ್ನ ಉತ್ತರ ಅಲ್ಲಿಗೆ ಮುಗಿಯಿತು.

ಮಾರನೆಯ ವಾರ ಸಾಹೇಬರು ಆ ಭಾಗದಲ್ಲಿ ಮಾಸ್ತರರ ಧ್ವನಿ ಅಳಿಸಿ ಶಾರದಾ ಅವರ ಧ್ವನಿ ಸೇರಿಸಿ ಕ್ಯಾಸೆಟ್ ತರಲು ಹೊರಟರು. ಹಕ್ಕು ಅವರದು, ಟೇಪೂ ಅವರದು. ಶಾರದಾ ಒಪ್ಪಲಿಲ್ಲ. ಹಾಗೆ ಮಾಡುವುದಾದರೆ ಉಳಿದ ಪಂದ್ಯಗಳಿಂದಲೂ ತಮ್ಮ ಧ್ವನಿ ತೆಗೆಯಿರಿ ಎಂದರು. ಕೊನೆಗೆ ಕ್ಯಾಸೆಟ್ ಇದ್ದಂತೆಯೇ ಹೊರಬಂತು. ಮುಂದಿನ ವರ್ಷ ಇಲಕಲ್ಲಿನಲ್ಲಿ ಅವರಿಬ್ಬರೂ ಒಂದೇ ಮೈಕ್ ಹಂಚಿಕೊಂಡು ಮಾತಾಡಿದರು.

ಆಮೇಲೆ ನಾನು ಬಹಳ ಕಾಲ ಇದೇ ಕೆಲಸ ಮಾಡಿದೆ. ಆ ಸಂಜೆ ಕಲಿತದ್ದನ್ನು ಬಿಡಲಿಲ್ಲ: ಮಾತಾಡುವವರ ಮೈಕ್ ಇಳಿಸುವ ಮುನ್ನ ಒಮ್ಮೆ ಅವರ ಮುಖ ನೋಡಬೇಕು. ಮೀಟರಿನ ಮುಳ್ಳು ಧ್ವನಿಯ ಏರಿಳಿತವನ್ನಷ್ಟೇ ತೋರಿಸುತ್ತದೆ. ಆ ಧ್ವನಿ ಯಾರನ್ನು ಕಂಡು ಮಾತಾಡುತ್ತಿದೆ ಎಂಬುದು ಯಾವ ಯಂತ್ರದಲ್ಲೂ ಕಾಣುವುದಿಲ್ಲ.