ಕರೆಂಟು ಕಾರನ್ನು ನಂಬಬಹುದಾ?

ಮೊನ್ನೆ ಮಂಗಳವಾರ ಹನಕೆರೆ ಹತ್ತಿರ ನನ್ನ ಕಾರು ನಿಂತಿತು. ನಾನು ನಿಲ್ಲಿಸಲಿಲ್ಲ, ಅದೇ ನಿಂತಿತು. ಟೀ ಅಂಗಡಿ ಮುಂದೆ ಕೂತಿದ್ದ ಇಬ್ಬರು ನಾನು ಕರೆಯುವ ಮೊದಲೇ ಲೋಟ ಕೆಳಗಿಟ್ಟು ಎದ್ದು ಬಂದರು. ಒಬ್ಬ ಪಂಚೆ ಎತ್ತಿ ಕಟ್ಟುತ್ತಾ, "ಓದ್ ತಿಂಗ್ಳೂ ನಾವೇ ಅಲ್ವಾ ಸಾ ತಳ್ಳಿದ್ದು? ಆಗ ಇನ್ನೂ ವಸಿ ಮುಂದ್ಕೆ ನಿಂತಿತ್ತು" ಅಂದ.

ಹಿಂದಿನ ಸೀಟಿನಲ್ಲಿ ಅವ್ವ ಕೂತಿದ್ದಳು. ಅವಳ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಎರಡು ಸಲ ಮದ್ದೂರಿನ ನಮ್ಮ ಮನೆಯಿಂದ ಮಂಡ್ಯದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕು. ಎರಡು ವರ್ಷದಿಂದ ಇದೇ ನಮ್ಮ ಕ್ಯಾಲೆಂಡರು.

"ಸೆಕೆಂಡ್ ಗೇರಿಗೆ ಹಾಕ್ಲಾ. ಕ್ಲಚ್ಚು ಈಗ್ಲೇ ಬುಡಬ್ಯಾಡ" ಅಂದಳು ಅವ್ವ. ಜನ್ಮದಲ್ಲಿ ಸ್ಟೇರಿಂಗ್ ಮುಟ್ಟಿದವಳಲ್ಲ. (ವಿದ್ಯೆಯೆಲ್ಲ ಹಿಂದಿನ ಸೀಟಿನಲ್ಲೇ ಬಂದದ್ದು.)

ಆಸ್ಪತ್ರೆ ತಲುಪುವಷ್ಟರಲ್ಲಿ ಒಂದು ಗಂಟೆ ತಡ. ಅವ್ವನ ಮೆಶಿನ್ನಿಗೆ ಬೇರೆ ಯಾರನ್ನೋ ಹಾಕಿಬಿಟ್ಟಿದ್ದರು. ಸಿಸ್ಟರ್ ಬೈದರು. ಬೈಯಬೇಕಾದ್ದೇ. ಅವ್ವ ಊದಿದ ಕಾಲು ಇಳಿಬಿಟ್ಟುಕೊಂಡು ಸಂಜೆವರೆಗೆ ಬೆಂಚಿನ ಮೇಲೆ ಏದುಸಿರು ಬಿಡುತ್ತಾ ಕೂತಳು. ನೋಡುತ್ತಾ ನೋಡುತ್ತಾ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಹದಿನೇಳು ವರ್ಷದ ಈ ಪೆಟ್ರೋಲ್ ಕಾರು ಇನ್ನು ಸಾಕು, ಎಲೆಕ್ಟ್ರಿಕ್ ಕಾರು ತಗೊಳ್ಳೋಣ ಅಂತ ಅಲ್ಲೇ ನಿರ್ಧರಿಸಿದೆ.

ಆದರೆ ನಮ್ಮ ಕಡೆ ಇಂಥದ್ದಕ್ಕೆಲ್ಲ ಕೈ ಹಾಕುವ ಮುಂಚೆ ಸೋದರಮಾವನನ್ನು ಒಂದು ಮಾತು ಕೇಳಬೇಕು. ಕೇಳದಿದ್ದರೆ ಮುಂದಿನ ಬೀಗರೂಟದಲ್ಲಿ ಬಾಡಿನ ಸಾರಿಗಿಂತ ಮೊದಲು ನನ್ನನ್ನೇ ಬಡಿಸುತ್ತಾರೆ. ಗುರುವಾರ ಬಸರಾಳಿನಿಂದ ಮಾವ ಬಸ್ಸಿನಲ್ಲಿ ಬಂದಿಳಿದರು. ಮುದ್ದೆ ಉಂಡು, ಕೈ ತೊಳೆದು, ವಿಚಾರಣೆಗೆ ಕೂತರು.

"ಕರೆಂಟು ನಂಬ್ಕಂಡು ಕಾರ್ ತಕ್ಕಂಡಿಯೇನ್ಲಾ ಅಳಿಯ?"

"ಹೂಂ ಮಾವ."

"ನಡುದಾರೀಲಿ ನಿಂತೋದ್ರೆ?"

ಈ ಪ್ರಶ್ನೆ ಯಾರಿಗೆ ಕೇಳುತ್ತಿದ್ದಾರೆ ನೋಡಿ. "ಮಾವ, ಮೊನ್ನೆ ತಾನೇ ಹನಕೆರೆಯಲ್ಲಿ ನಿಂತಿತ್ತಲ್ಲ" ಅಂದೆ.

"ಅದು ಬ್ಯಾರೆ. ಅದು ನಿಂತ್ರೆ ತಳ್ಬೋದು. ಇದು ನಿಂತ್ರೆ ಏನ್ ಮಾಡೀಯೆ?"

ಮಾವನಿಗೆ ಕರೆಂಟು ಅಂದರೆ ಪಂಪ್‌ಸೆಟ್ಟಿನ ಕರೆಂಟು. ಬರಬೇಕಾದಾಗ ಬರುವುದಿಲ್ಲ, ಬಂದರೆ ಹೇಳಿ ಹೋಗುವುದಿಲ್ಲ. ಅವರನ್ನು ತಪ್ಪು ಅನ್ನಲಾರೆ. ಆದರೆ ಆ ಮಾತು ತಲೆಯಲ್ಲಿ ಉಳಿದುಬಿಟ್ಟಿತು. ನಂಬಿಕಸ್ತ ಕಾರು ಅಂದರೆ ಯಾವುದು? ಕೆಡದೇ ಇರುವುದಾ? ಅಥವಾ ಹೇಗೆ ಕೆಡುತ್ತದೆ ಅಂತ ನಮಗೆ ಬಾಯಿಪಾಠ ಆಗಿರುವುದಾ?

ನಮ್ಮ ಮನೆಯನ್ನೇ ನೋಡಿ. ನಮ್ಮ ಕಾರು ಸೆಲ್ಫ್ ಸ್ಟಾರ್ಟ್ ಆಗುವುದು ಅದಕ್ಕೆ ಮನಸ್ಸು ಬಂದಾಗ ಮಾತ್ರ. ಹಾಗಾಗಿ ಅದನ್ನು ಇಳಿಜಾರಿನಲ್ಲೇ ನಿಲ್ಲಿಸುತ್ತೇವೆ. ಇಳಿಜಾರು ಇರುವ ಅಂಗಡಿಯಲ್ಲೇ ದಿನಸಿ. ಇಳಿಜಾರು ಇರುವ ಕಲ್ಯಾಣ ಮಂಟಪವಾದರೆ ಮುಹೂರ್ತಕ್ಕೆ ಹಾಜರು, ಇಲ್ಲವಾದರೆ ಫೋನಿನಲ್ಲೇ ಆಶೀರ್ವಾದ. ಮಳವಳ್ಳಿಯ ನಮ್ಮ ಷಡ್ಡಕರ ಮನೆಗೆ ಹೋಗಿ ಎರಡು ವರ್ಷವಾಯಿತು. ಜಗಳವೇನಿಲ್ಲ. ಅವರ ಮನೆ ಮುಂದಿನ ರಸ್ತೆ ಸಮತಟ್ಟು. (ಇದನ್ನು ಅವರಿಗೆ ಹೇಗೆ ಹೇಳುವುದು? ಅವರು ಈ ಅಂಕಣ ಓದುತ್ತಾರೆ ಅನ್ನುವುದೇ ಈಗ ನನ್ನ ಧೈರ್ಯ.)

ಶನಿವಾರ ಟೆಸ್ಟ್ ಡ್ರೈವ್. ಶೋರೂಮಿನ ಸೇಲ್ಸ್‌ಮನ್ ಕಾರನ್ನು ಮನೆ ಬಾಗಿಲಿಗೇ ತಂದರು. ಮುಂದೆ ನಾನು, ಪಕ್ಕದಲ್ಲಿ ಮಾವ. ಹಿಂದೆ ಅವ್ವ ಮತ್ತು ಸೇಲ್ಸ್‌ಮನ್. ಶಿವಪುರದ ಕಡೆ ಹೊರಟೆವು. ನಾನು ಪಟಪಟ ಪ್ರಶ್ನೆ ಎಸೆದೆ. ಒಂದು ಚಾರ್ಜಿಗೆ ಎಷ್ಟು ದೂರ? ರಸ್ತೆಯಲ್ಲಿ ನೀರು ನಿಂತರೆ? ಬ್ಯಾಟರಿ ಕೈಕೊಟ್ಟರೆ? ಆತ ಎಲ್ಲಕ್ಕೂ ಸಮಾಧಾನವಾಗಿ ಉತ್ತರ ಕೊಟ್ಟರು. ಇಷ್ಟು ಪ್ರಶ್ನೆಯನ್ನು ಹಳೆ ಕಾರಿಗೆ ಹದಿನೇಳು ವರ್ಷದಲ್ಲಿ ನಾನು ಕೇಳಿರಲಿಲ್ಲ.

ದಾರಿಯಲ್ಲಿ ಎಳನೀರು ಕುಡಿಯೋಣ ಅಂತ ನಿಲ್ಲಿಸಿದೆ. ಮರದ ನೆರಳಿನಲ್ಲಿ ಒಳ್ಳೆ ಜಾಗವಿತ್ತು. ಅದನ್ನು ಬಿಟ್ಟು ಬಿಸಿಲಿನಲ್ಲಿ, ಇಳಿಜಾರು ಹುಡುಕಿ, ಮೂತಿ ಕೆಳಗೆ ಮಾಡಿ ನಿಲ್ಲಿಸಿದ್ದೆ. ನನಗೇ ಗೊತ್ತಾಗಲಿಲ್ಲ. ವಾಪಸ್ ಹೊರಡುವಾಗ ಸೀಟಿನಲ್ಲಿ ಕೂತು ಪಕ್ಕಕ್ಕೆ ತಿರುಗಿದರೆ ಮಾವ ಇಲ್ಲ. ಟವಲ್ ಸೊಂಟಕ್ಕೆ ಬಿಗಿದು, ಡಿಕ್ಕಿಗೆ ಎರಡೂ ಕೈ ಕೊಟ್ಟು ಹಿಂದೆ ನಿಂತಿದ್ದಾರೆ.

"ಸರ್, ಅವರು ಏನು ಮಾಡ್ತಿದ್ದಾರೆ?" ಅಂದರು ಸೇಲ್ಸ್‌ಮನ್.

ಏನು ಹೇಳಲಿ? ನಮ್ಮ ಮನೆಯಲ್ಲಿ ಕಾರು ಹೊರಡುವುದೇ ಹೀಗೆ ಅನ್ನಲೇ?

ಮನೆಗೆ ಬಂದು ಜಗುಲಿಯಲ್ಲಿ ಕೂತೆವು. ಕಾರು ಚೆನ್ನಾಗಿತ್ತು. ಕುಂದು ಹುಡುಕಿದರೂ ಸಿಗಲಿಲ್ಲ. ಅದೇ ನನಗೆ ಭಯ ಹುಟ್ಟಿಸಿದ್ದು. ಓದಿದವನ ಗತ್ತಿನಲ್ಲಿ, "ಇನ್ನೊಂದು ವರ್ಷ ನೋಡೋಣ. ಟೆಕ್ನಾಲಜಿ ಇನ್ನೂ ಸ್ವಲ್ಪ ಪಕ್ಕಾ ಆಗಲಿ. ಕರೆಂಟಿನ ಮೇಲೆ ನಡೆಯೋದನ್ನ ಪೂರ್ತಿ ನಂಬೋದು ಹೇಗೆ?" ಅಂದೆ. ಮಾವ, "ಅಂಗಂದೆ ನೋಡು, ಅದು ಮಾತು" ಅಂದರು. ಸೇಲ್ಸ್‌ಮನ್ ಕೀ ಎತ್ತಿಕೊಂಡು ಎದ್ದರು.

ಅವ್ವ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದಳು.

"ಎರಡ್ ವರ್ಸದಿಂದ ನನ್ ರಕ್ತ ಕರೆಂಟಿನ ಮಿಸಿನ್ನಲ್ಲಿ ಓಡಾಡ್ತಾ ಅದೆ. ಅದ ನಂಬಬೋದಾ ಅಂತ ಒಂದಿನಾನಾರ ಕೇಳಿದ್ಯೇನ್ಲಾ?"