ಪೂಲ್ ಮೇಜಿನ ಕಣ್ಣು ಪರೀಕ್ಷೆ

ಬೆಂಗಳೂರಿನ ಪೂಲ್ ಹಾಲ್‌ಗಳ ಬಗ್ಗೆ ನಾನು ಅಭಿಪ್ರಾಯ ಹೇಳಹೊರಟರೆ ನೀವು ನಗಬಹುದು. ನಾನು ಚೆಂಡು ಹೊಡೆಯುವ ಕೋಲು ಮುಟ್ಟಿದವಳಲ್ಲ, ಗೋಡೆ ಬದಿಗೆ ಕೈಚೀಲ ಹಿಡಿದು ಕೂತವಳು. ಆದರೆ ಆಡುವವರಿಗೆ ಕಾಣುವುದು ಮೇಜು ಮಾತ್ರ; ಹಾಲ್ ಕಾಣುವುದು ಕಾಯುವವರಿಗೇ.

ನಮ್ಮ ಮನೆಯವರ ಎಡಗಣ್ಣಿನ ಪೊರೆ ತೆಗೆಸಿ, ಮತ್ತೆ ತೋರಿಸಲು ಬೆಂಗಳೂರಿಗೆ ಹೋಗಿದ್ದೆವು. ಡಾಕ್ಟರು ಕಣ್ಣು ಚೆನ್ನಾಗಿದೆ, ಇನ್ನು ಬಲಗಣ್ಣಿನ ಪೊರೆಯನ್ನೂ ತೆಗೆಯೋಣ ಎಂದರು. ಇವರಿಗೆ ನಂಬಿಕೆಯಿಲ್ಲ.

"ಗೋಡೆ ಮೇಲಿನ ಅಕ್ಷರ ಓದಿದ್ರೆ ಆಯ್ತಾ ಮಾರಾಯ್ತಿ? ಬಾಲು ಗುಂಡಿಗೆ ಬೀಳ್ಬೇಕು."

ನಮ್ಮೂರು ಕೊಪ್ಪದಲ್ಲಿ ಸುರೇಶಣ್ಣನ ಪೂಲ್ ಹಾಲ್‌ನಲ್ಲಿ ಸಂಜೆ ಇವರನ್ನು ಸೋಲಿಸಿದವರು ಕಡಿಮೆ. ಹಾಗಾಗಿ ಬೆಂಗಳೂರಿನ ಹಾಲ್‌ಗಳಲ್ಲೇ ಪರೀಕ್ಷೆಗೆ ಹೊರಟೆವು.

ಮೊದಲನೆಯದು ಮಾಲಿನ ಮೇಲಂತಸ್ತಿನಲ್ಲಿ. ಶಾಲು ಹೊದೆಯುವಷ್ಟು ಏಸಿ, ಕೂರಲು ಮೆತ್ತನೆ ಸೋಫಾ. ಆಡುವವರು ಒಂದೇ ಕೈಗೆ ಗ್ಲೌಸು ಹಾಕಿಕೊಂಡು ಪಿಟ್ಟೆನ್ನದೆ ಆಡುತ್ತಿದ್ದರು. ಶೃಂಗೇರಿಯ ಹೊಳೆಯಲ್ಲಿ ಮಂಡಕ್ಕಿಗೆ ಮುಗಿಬೀಳುವ ಮೀನುಗಳೇ ಆ ಆಟಗಾರರಿಗಿಂತ ಹೆಚ್ಚು ಗಲಾಟೆ ಮಾಡುತ್ತವೆ. ಇವರು ಹೊಡೆದ ಚೆಂಡು ಒಂದೂ ಬೀಳಲಿಲ್ಲ.

ಎರಡನೆಯದು ಕಾಲೇಜಿನ ಹತ್ತಿರ, ನೆಲಮಾಳಿಗೆಯಲ್ಲಿ. ಹಸಿರು ಬಟ್ಟೆಗೆ ತೇಪೆ, ನನಗೆ ಕಾಲು ಅಲುಗುವ ಸ್ಟೂಲು. ಆದರೆ ಜನ ಪ್ರೀತಿಯವರು. ಕ್ಲಾಸು ತಪ್ಪಿಸಿ ಬಂದ ಹುಡುಗರು "ಅಂಕಲ್, ಟೆನ್ಷನ್ ಬೇಡ, ಇನ್ನೊಂದು ಹೊಡೀರಿ" ಎಂದು ಹುರಿದುಂಬಿಸಿದರು. ಅಲ್ಲೂ ಚೆಂಡು ಗುಂಡಿಯ ಬಾಯಿಗೆ ಹೋಗಿ ಪಕ್ಕಕ್ಕೆ ಸರಿಯಿತು.

ಊರಿಗೆ ವಾಪಸು ಬರುವಾಗ ಇವರು ಬಸ್ಸಿನಲ್ಲಿ ಒಂದೊಂದೇ ಕಣ್ಣು ಮುಚ್ಚಿ ಅಂಗಡಿ ಬೋರ್ಡು ನೋಡುತ್ತಾ ಬಂದರು. "ಬಲಗಣ್ಣಿನ ಆಪರೇಷನ್ ಬೇಡ. ಇದ್ದದ್ದಾದ್ರೂ ಇರ್ಲಿ" ಎಂದರು.

ಮರುದಿನ ಸಂಜೆ ನಾನೇ ಒತ್ತಾಯ ಮಾಡಿ ಸುರೇಶಣ್ಣನಲ್ಲಿಗೆ ಕರೆದುಕೊಂಡು ಹೋದೆ. ಅಲ್ಲಿ ಎನ್.ಆರ್. ಪುರದ ಬಸ್ಸು ಕಾಯುವವರು, ತರಕಾರಿ ಚೀಲ ಮೂಲೆಗಿಟ್ಟು ಕೋಲು ಹಿಡಿದವರು, ಹಾರನ್ ಕೇಳಿದರೆ ಅರ್ಧ ಆಟಕ್ಕೇ ಓಡುವವರು. ಇವರು ಅಳುಕುತ್ತಲೇ ಹೊಡೆದರು. ಚೆಂಡು ಬಿತ್ತು. ಇನ್ನೊಂದೂ ಬಿತ್ತು!

ಬೆಂಗಳೂರಿನ ಕಥೆ ಕೇಳಿ ಸುರೇಶಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಮ್ ಟೇಬಲ್ ಹರಿಹರಪುರದ ರಸ್ತೆ ಬದಿಗೆ ವಾಲ್ತದೆ ಮಾರಾಯ್ರೆ! ನಿಮ್ಮ ಕೈ ಅದಕ್ಕೇ ಪಳಗಿದೆ. ಅಲ್ಲಿ ಟೇಬಲ್ ಸಮ ಇದ್ರೆ ಬಾಲು ಎಂತಕ್ಕೆ ಬೀಳ್ತದೆ?"

ಇವರು ಬಗ್ಗಿ ಮೇಜನ್ನು ಎಡಗಣ್ಣಿನಿಂದಲೇ ಅಳೆದು ನೋಡಿದರು. "ಹೌದಲ್ಲ, ವಾಲಿದೆ! ಕಾಣ್ತದೆ ಮಾರಾಯ್ತಿ!" ಎಂದು ನನ್ನತ್ತ ತಿರುಗಿದಾಗ ಆ ಮುಖ ನೋಡಬೇಕಿತ್ತು.

ಸುರೇಶಣ್ಣ ರಟ್ಟಿನ ತುಂಡೊಂದನ್ನು ಮಡಚುತ್ತಾ, "ಕಾಲಿನಡಿ ಇಟ್ಟು ಈಗ್ಲೇ ಸಮ ಮಾಡ್ಲಾ?" ಎಂದರು.

ಎಲ್ಲರಿಗಿಂತ ಮೊದಲು ಕೂಗಿದವಳು ನಾನೇ: "ಮುಟ್ಬೇಡಿ ಮಾರಾಯ್ರೆ! ಬಲಗಣ್ಣಿನ ಆಪರೇಷನ್ ಒಂದು ಮುಗಿಲಿ!"